ತಡಿ ಬರಮಪ್ಪ ಕೇಳಿದ ಕೂಲಿ

ಇವತ್ತು ಕಾರ್ತಿಕ ಬಹುಳ ಪಂಚಮಿ. ಮೋಡವಿಲ್ಲ. ಬೆಳಗಿನಿಂದ ಮೂಡಗಾಳಿ ಬೀಸುತ್ತಿದೆ, ಬಿಸಿಲಿಗೆ ಇನ್ನೂ ಕಾವು ಬಂದಿಲ್ಲ.

ಇಂಥದೇ ದಿನ ಹೇರಿನ ಎತ್ತುಗಳು ಉಪ್ಪು ತರಲು ಹೊರಡುತ್ತಿದ್ದವಂತೆ. ಈ ಮನೆಗೆ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲ ದಿನ, ಅವರು ಯಾರ ಹಾಸಿಗೆಯನ್ನೂ ಮುಟ್ಟುವ ಮೊದಲು, ಈ ಕಥೆ ಹೇಳುವುದು ವಾಡಿಕೆ. ನನಗೂ ಹೀಗೆಯೇ ಹೇಳಿದ್ದರು. ಕೂತುಕೊಳ್ಳಿ. ನಾನು ಯಾವುದನ್ನೂ ಕಣ್ಣಿಂದ ಕಂಡವನಲ್ಲ. ಕೇಳಿದ್ದನ್ನು ಹೇಳುತ್ತೇನೆ.

ಬಹಳ ಹಿಂದೆ, ಹೊಳೆಗೆ ಸೇತುವೆ ಇಲ್ಲದಾಗ, ಉಪ್ಪು ಎತ್ತಿನ ಬೆನ್ನೇರಿ ಬರುತ್ತಿದ್ದಾಗ, ಹೇರಿನಹಾಳ ಎಂಬ ಒಂದು ಊರಿತ್ತು. ಇದೇ ಊರು. ಊರಾಚೆ ಹೊಳೆದಂಡೆಗೆ ಒಂದು ಉದ್ದನೆಯ ಮನೆಯಿತ್ತು. ಇದೇ ಮನೆ. ಗೋಡೆ ಬೇರೆ, ಮಾಡು ಬೇರೆ, ಜಾಗ ಅದೇ ಅಂತಾರೆ.

ಎತ್ತುಗಳ ಮೇಲೆ ಹೇರು ಹೊರಿಸಿಕೊಂಡು ಸಮುದ್ರದ ತನಕ ಹೋಗಿ ಬರುತ್ತಿದ್ದವರಿಗೆ ಸ್ವಂತ ಮನೆ ಇರಲಿಲ್ಲ. ಹಾದಿಯಲ್ಲೇ ಹುಟ್ಟಿ ಹಾದಿಯಲ್ಲೇ ಮದುವೆಯಾಗುತ್ತಿದ್ದರು. ಕಾಲು ಸೋತ ಮೇಲೆ ಅವರನ್ನು ಇಲ್ಲಿ ತಂದು ಬಿಡುತ್ತಿದ್ದರು, ಎತ್ತಿನ ಬೆನ್ನಿಂದ ಹೇರು ಇಳಿಸಿದ ಹಾಗೆ. ಅದಕ್ಕೇ ಇದು ಇಳಿಮನೆ. ಹೋಗುವಾಗ ಒಂದಿಷ್ಟು ಕಾಳು, ಬರುವಾಗ ಒಂದಿಷ್ಟು ಉಪ್ಪು ಕೊಟ್ಟು ಅವರು ಮುಂದೆ ನಡೆಯುತ್ತಿದ್ದರು. ಮನೆ ನೋಡಿಕೊಳ್ಳುತ್ತಿದ್ದವಳು ಶಂಕ್ರವ್ವ. ಅವಳ ಗಂಡನೂ ಹೇರಿನವನೇ, ಘಟ್ಟದಲ್ಲಿ ಜ್ವರ ಬಂದು ಸತ್ತಿದ್ದ. ಅವಳ ಬಾಯಿ ಜೋರು, ಕೈ ಚೊಕ್ಕ. ಅವಳು ಹಾಸಿದ ಕೌದಿಯಲ್ಲಿ ಒಂದು ಸುಕ್ಕು ಹುಡುಕುವುದೂ ಕಷ್ಟವಿತ್ತಂತೆ.

ಇಳಿಮನೆಯಲ್ಲಿ ಮುಪ್ಪಿನಿಂದ ಸತ್ತವರು ಕಡಿಮೆ ಅಂತಾರೆ. ಹಾಸಿಗೆ ಹುಣ್ಣಿನಿಂದ ಸತ್ತವರೇ ಹೆಚ್ಚು. ಮೊದಲು ಟೊಂಕದ ಕೆಳಗೆ, ಬಾಲಮೂಳೆಯ ಮೇಲೆ, ಚರ್ಮ ಕೆಂಪಾಗಿ ಬಿಸಿಯಾಗುತ್ತಿತ್ತು. ಆಮೇಲೆ ಕಪ್ಪಾಗುತ್ತಿತ್ತು. ಆಮೇಲೆ ಒಡೆದು ಒಳಗೊಳಗೇ ತೋಡಿಕೊಂಡು ಹೋಗುತ್ತಿತ್ತು. ಹಾಗಾದಾಗ ಜನ, ನೆಲ ಕರೆಯಿತು ಅನ್ನುತ್ತಿದ್ದರು. ನೆಲ ಕರೆದವನನ್ನು ಹಾಸಿಗೆಯಿಂದ ಎತ್ತಿ ಹಿತ್ತಿಲ ಚಪ್ಪರದಲ್ಲಿ ಬರಿ ನೆಲದ ಮೇಲೆ ಮಲಗಿಸಿ, ಬಾಯಿಗೆ ನೀರು ಮಾತ್ರ ಬಿಡುವುದು ಹೇರಿನವರ ಪದ್ಧತಿ. ಅವರು ಕ್ರೂರಿಗಳಲ್ಲ. ಅಳುತ್ತಲೇ ಮಾಡುತ್ತಿದ್ದರು. ಕರೆದ ನೆಲವನ್ನು ಕಾಯಿಸಬಾರದು ಎಂದು ಅವರ ಹಿರಿಯರು ಹೇಳಿಕೊಟ್ಟಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ಜೀವ ಇರುವವನನ್ನು ಬೇರೆಯವರ ಕೈ ಮಗ್ಗಲಿಗೆ ಹೊರಳಿಸಬಾರದು. ಹಾಗೆ ಹೊರಳಿಸುವುದು ಹೆಣವನ್ನು ಮಾತ್ರ, ಕಡೆಯ ಜಳಕ ಮಾಡಿಸುವಾಗ. ಹಾಸಿಗೆ ಹಿಡಿದವರ ಬಟ್ಟೆ ಬದಲಿಸಬೇಕಾದರೆ ಸ್ವಲ್ಪ ಎತ್ತಿ, ಬಟ್ಟೆ ಎಳೆದು, ಮತ್ತೆ ಬೆನ್ನ ಮೇಲೆಯೇ ಇಳಿಸುತ್ತಿದ್ದರು. ಮಲಗಿದವರು ಮಲಗಿದ ಹಾಗೆಯೇ ಇರುತ್ತಿದ್ದರು.

ಆ ಹೇರಿನವರ ಜೊತೆ ಬರಮಪ್ಪ ಎಂಬುವನಿದ್ದ. ಹೇರು ಹಾಕುವ ಮುಂಚೆ ಎತ್ತಿನ ಬೆನ್ನಿಗೆ ದಪ್ಪನೆಯ ಮೆತ್ತೆ ಹಾಸುತ್ತಾರಲ್ಲ, ಅದಕ್ಕೆ ತಡಿ ಅಂತಾರೆ. ತಡಿ ಹೊಲಿಯುವುದು ಅವನ ಕೆಲಸ. ಜನ ಅವನನ್ನು ತಡಿ ಬರಮಪ್ಪ ಎಂದೇ ಕರೆದರು. ಕಣ್ಣು ಮುಚ್ಚಿ ತಡಿಯ ಮೇಲೆ ಕೈಯಾಡಿಸಿದರೆ ಅದು ಯಾವ ಎತ್ತಿನದು, ಆ ಎತ್ತು ಯಾವ ಕಾಲು ಎಳೆಯುತ್ತದೆ ಎಂದು ಹೇಳುತ್ತಿದ್ದನಂತೆ. ಬೆನ್ನು ಒಡೆದು ಹುಣ್ಣಾದ ಎತ್ತು ಅವನನ್ನು ಕಂಡರೆ ತಾನಾಗಿ ಬಂದು ಬೆನ್ನು ಕೊಟ್ಟು ನಿಲ್ಲುತ್ತಿತ್ತಂತೆ. ಹಾಗಂತ ಹೇಳುತ್ತಾರೆ.

ಹೇರಿನವರ ಮುಂದಾಳು ಜಕ್ಕಪ್ಪ. ಬರಮಪ್ಪನಿಗೆ ಹಾದಿ ಕಲಿಸಿದವನು ಅವನೇ. ಒಂದು ಮಳೆಗಾಲ ಹೊಳೆಯ ದಡ ಕುಸಿದು ಜಕ್ಕಪ್ಪ ಕಲ್ಲಿನ ಮೇಲೆ ಬಿದ್ದ. ಸೊಂಟದ ಕೆಳಗೆ ಜೀವ ಹೋಯಿತು. ತಂದು ಇಳಿಮನೆಯಲ್ಲಿ ಮಲಗಿಸಿದರು. ಅವನ ತಮ್ಮ ಸಾಬಣ್ಣ ಮುಂದಾಳಾದ. ಮಳೆ ಮುಗಿದು ಕಾರ್ತಿಕ ಬಂತು, ಎತ್ತುಗಳು ಹೊರಡುವ ದಿನ ಬಂತು. ಆ ಬೆಳಿಗ್ಗೆ ಬಟ್ಟೆ ಬದಲಿಸುತ್ತಿದ್ದ ಶಂಕ್ರವ್ವ ಜಕ್ಕಪ್ಪನ ಬಾಲಮೂಳೆಯ ಮೇಲೆ ಹುಣ್ಣು ಕಂಡಳು. ಚರ್ಮ ಆಗಲೇ ಒಡೆದಿತ್ತು.

ಸಾಬಣ್ಣ ಬಂದ. ನೋಡಿದ. ಹೊರಗೆ ಹೋಗಿ ಮೂಗು ಸೀಟಿಕೊಂಡು ಬಂದ. ಅಣ್ಣನನ್ನು ನೆಲಕ್ಕೆ ಹಾಕಿಯೇ ಹೊರಡೋಣ, ತಾನೇ ಕೈ ಹಚ್ಚುತ್ತೇನೆ ಎಂದ. ಬರಮಪ್ಪ ಬಾಗಿಲಿಗೆ ಅಡ್ಡ ನಿಂತ.

"ನೆಲ ಕರದೈತಿ, ಬರಮಾ. ನಮ್ಮಪ್ಪನ್ನೂ ಹಿಂಗ ಕಳಿಸೇವಿ. ಸರಿ ಅತ್ತಾಗ."

"ಬೆನ್ನು ಒಡದ ಎತ್ತನ್ನ ಯಾವತ್ತರ ಹಾದ್ಯಾಗ ಬಿಟ್ಟು ಬಂದಿಯೇನು?"

"ಎತ್ತು ಬ್ಯಾರೆ, ನಮ್ಮಣ್ಣ ಬ್ಯಾರೆ."

"ಹುಣ್ಣು ಒಂದ."

ಒಳಗಿನಿಂದ ಜಕ್ಕಪ್ಪ ಕೂಗಿದನಂತೆ: "ಲೇ, ನಾ ಇನ್ನೂ ಸತ್ತಿಲ್ಲ! ನನ್ನನ್ನೂ ಒಂದು ಮಾತು ಕೇಳ್ರಲೇ!"

ಅವತ್ತು ಅವನನ್ನು ಯಾರೂ ಕೇಳಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಕೊನೆಗೆ ಒಂದು ಮಾತಿಗೆ ಬಂದರು. ಉಪ್ಪು ತುಂಬಿಕೊಂಡು ಎತ್ತುಗಳು ತಿರುಗಿ ಬರುವ ತನಕ ಜಕ್ಕಪ್ಪ ಹಾಸಿಗೆಯ ಮೇಲೆಯೇ ಇರಲಿ. ಅಷ್ಟರೊಳಗೆ ಹುಣ್ಣು ಮುಚ್ಚಿದರೆ ಸರಿ. ಮುಚ್ಚದಿದ್ದರೆ ನೆಲಕ್ಕೆ. ಆಗ ಎತ್ತಿ ಹಾಕುವ ಮೊದಲ ಕೈ ಬರಮಪ್ಪನದೇ ಆಗಬೇಕು ಎಂದ ಸಾಬಣ್ಣ. ಬರಮಪ್ಪ ಹೂಂ ಅಂದ. ಹುಟ್ಟಿದಾಗಿನಿಂದ ನಡೆದ ಹಾದಿ ಬಿಟ್ಟು, ಸೂಜಿ ದಬ್ಬಳ ಹಿಡಿದು ಇಳಿಮನೆಯಲ್ಲಿ ಉಳಿದ. ಎತ್ತುಗಳ ಗಂಟೆಯ ಸದ್ದು ದೂರವಾಗುವ ತನಕ ಜಕ್ಕಪ್ಪ ಕಿವಿಗೊಟ್ಟು ಕೇಳಿದನಂತೆ. ಆಮೇಲೆ, ಎತ್ತಿನ ವೈದ್ಯನ ಕೈಗೆ ಸಿಕ್ಕೆನಲ್ಲ, ಹುಲ್ಲಾದರೂ ಚಲೋ ಹಾಕು ಅಂದನಂತೆ.

ಬರಮಪ್ಪ ತನಗೆ ಗೊತ್ತಿದ್ದುದನ್ನು ಮಾಡಿದ. ನೀರು ಕುದಿಸಿ, ಉಪ್ಪು ಹಾಕಿ, ಆರಿಸಿ ಹುಣ್ಣು ತೊಳೆದ. ಸತ್ತ ಚರ್ಮವನ್ನು ಬಿಡಿಸಿದ. ಜೇನು ಸವರಿ ಮೇಲೆ ಹಳೆಯ ಮೆತ್ತನೆಯ ಅರಿವೆ ಇಟ್ಟ. ಆಮೇಲೆ ತಡಿ ಹೊಲಿಯಲು ಕೂತ. ಎತ್ತಿನ ಬೆನ್ನು ಒಡೆದರೆ, ಹುಣ್ಣು ಇರುವ ಕಡೆ ತಡಿಗೆ ದುಂಡನೆಯ ಕಿಂಡಿ ಕತ್ತರಿಸುತ್ತಾರೆ. ಹೇರಿನ ಭಾರ ಸುತ್ತಲೂ ಬೀಳುತ್ತದೆ, ಹುಣ್ಣಿನ ಮೇಲೆ ಬೀಳುವುದಿಲ್ಲ. ಗಾಳಿಯಾಡಿ ಹುಣ್ಣು ಒಣಗುತ್ತದೆ. ಹೀಗೆ ಮಾಡಿ ಅವನು ಎಷ್ಟೋ ಎತ್ತು ಉಳಿಸಿದ್ದ. ಜಕ್ಕಪ್ಪನಿಗೂ ಹಾಗೆಯೇ ಹಿಂಜಿದ ಹತ್ತಿ ತುಂಬಿ, ನಡುವೆ ಕಿಂಡಿ ಬಿಟ್ಟು, ಅಂಚು ಗಟ್ಟಿಯಾಗಿ ಹೊಲಿದ. ಹೊಲಿಗೆ ನೋಡಿ ಶಂಕ್ರವ್ವ ಕೂಡ ತಲೆದೂಗಿದಳು. ಜಕ್ಕಪ್ಪನನ್ನು ಅದರ ಮೇಲೆ ಮಲಗಿಸಿದರು. ಹುಣ್ಣು ಕಿಂಡಿಯಲ್ಲಿ ತೇಲಿಕೊಂಡಿತು.

ಕೆಲವು ದಿನ ಕಳೆದು ಎತ್ತಿ ನೋಡಿದರು. ಹುಣ್ಣು ಚಿಕ್ಕದಾಗಿರಲಿಲ್ಲ. ಕಿಂಡಿಯ ಅಂಚು ಒತ್ತಿದ ಕಡೆಯೆಲ್ಲ ಬಳೆಯ ಹಾಗೆ ನೀಲಿಗಟ್ಟಿತ್ತು. ನಡುವಿನ ಮಾಂಸ ಊದಿ ಬಣ್ಣಗೆಟ್ಟಿತ್ತು. ಇನ್ನೂ ಕೆಲವು ದಿನಕ್ಕೆ ಆ ಬಳೆಯ ಅಗಲಕ್ಕೂ ಹುಣ್ಣು ಹಬ್ಬಿತು. ಮೊದಲು ವೀಳ್ಯದೆಲೆಯ ತುದಿಯಷ್ಟಿದ್ದದ್ದು ಈಗ ಅಂಗೈ ಮುಚ್ಚುವಷ್ಟಾಯಿತು.

ಎತ್ತಿಗೆ ವಾಸಿ ಮಾಡಿದ್ದು ಮನುಷ್ಯನಿಗೆ ಯಾಕೆ ಕೆಡುಕು ಮಾಡಿತು ಎಂದು ಬರಮಪ್ಪನಿಗೆ ತಿಳಿಯಲಿಲ್ಲ. ಅಂಗಳಕ್ಕೆ ಹೋಗಿ ತಾನು ಹೊಲಿದ ತಡಿಯನ್ನು ತಾನೇ ಬಿಚ್ಚಿ ಹತ್ತಿ ಹೊರಗೆ ತೆಗೆದ. ಜಕ್ಕಪ್ಪ ಒಳಗಿನಿಂದ, ಸಾಕು ಬರಮಾ, ನನ್ನನ್ನು ನೆಲಕ್ಕೆ ಹಾಕಿಬಿಡು, ನೀನು ಸೋತೆ ಎಂದು ಯಾರ ಮುಂದೆಯೂ ಹೇಳುವುದಿಲ್ಲ ಎಂದ. ಬರಮಪ್ಪ, ಎತ್ತು ಇನ್ನೂ ಬಂದಿಲ್ಲ ಎಂದಷ್ಟೇ ಹೇಳಿದ. ಮತ್ತೆ ನೀರು ಕುದಿಯಲು ಇಟ್ಟ.

ಮರುದಿನ ಬೆಳಿಗ್ಗೆ ಶಂಕ್ರವ್ವ ಎಲ್ಲರ ಕೌದಿ ಕೊಡವುತ್ತಿದ್ದಳು. ಇಳಿಮನೆಯಲ್ಲಿ ಎದ್ದು ಕೂರಬಲ್ಲ ಮುದುಕರೂ ಇದ್ದರು. ಅವರ ಕೌದಿಗಳು ಮುದ್ದೆಯಾಗಿ, ತಿರುಚಿ, ಒಂದು ತುದಿ ತಲೆಗೆ ಒಂದು ತುದಿ ಕಾಲಿಗೆ ಸಿಕ್ಕಿಕೊಂಡು ಬಿದ್ದಿದ್ದವು. ಅವಳು ಬೈಯುತ್ತಿದ್ದಳು. ಬರಮಪ್ಪನ ಕೌದಿ ಎತ್ತಿದಳು, ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು.

"ಏನ್ ಮಲಗತೀಯೋ ಏನ್ ಕುಸ್ತಿ ಆಡತೀಯೋ, ಬರಮಣ್ಣಾ! ಜಕ್ಕಣ್ಣನ್ನ ನೋಡಿ ಕಲಿ. ಹಾಸಿದ್ದು ಹಾಸಿದಂಗ ಇರತೈತಿ. ಒಂದು ಸುಕ್ಕಿಲ್ಲ."

ಹೇಳಿದವಳು ಹಾಗೇ ನಿಂತಳು. ಬರಮಪ್ಪನೂ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟ. ಇಬ್ಬರೂ ಜಕ್ಕಪ್ಪನ ಕೌದಿ ನೋಡಿದರು. ಶಂಕ್ರವ್ವ ಅಷ್ಟು ದಿನ ಹೆಮ್ಮೆಪಟ್ಟ ಕೌದಿ ಅದು.

ನಿದ್ದೆಯಲ್ಲಿ ಮನುಷ್ಯ ಹೊರಳುತ್ತಾನೆ, ಹೊರಳಿದ್ದು ಅವನಿಗೇ ಗೊತ್ತಾಗುವುದಿಲ್ಲ. ಎತ್ತು ನಡೆಯುತ್ತದೆ, ಒಂದೊಂದು ಹೆಜ್ಜೆಗೂ ಹೇರು ಆ ಕಡೆ ಈ ಕಡೆ ತೂಗುತ್ತದೆ, ತಡಿಯ ಕೆಳಗೆ ಬೆನ್ನು ಉಸಿರಾಡುತ್ತದೆ. ಅದಕ್ಕೇ ಕಿಂಡಿ ಎತ್ತಿಗೆ ಆಗಿಬರುತ್ತದೆ. ಜಕ್ಕಪ್ಪನಿಗೆ ಹೆಜ್ಜೆಯೂ ಇಲ್ಲ, ಹೊರಳೂ ಇಲ್ಲ. ಅವನ ಮೈ ಅವನ ಮೇಲೆಯೇ ಹೇರಾಗಿ ಕೂತಿತ್ತು, ಹಗಲೂ ಇರುಳೂ ಒಂದೇ ಜಾಗದಲ್ಲಿ. ಬರಮಪ್ಪ ಅಂದದ್ದು ಇಷ್ಟೇ ಅಂತಾರೆ: "ಇವನ ಹೆಜ್ಜಿ ನಾವು ಹಾಕಬೇಕವ್ವಾ."

ಅಂದರೆ ಹೊರಳಿಸಬೇಕು. ಶಂಕ್ರವ್ವ ಹಿಂದೆ ಸರಿದಳು. ತನ್ನ ಕೈಯಿಂದ ಆಗುವುದಿಲ್ಲ, ಅದು ಹೆಣಕ್ಕೆ ಮಾಡುವ ಕೆಲಸ ಎಂದಳು. ಬರಮಪ್ಪ ಒಬ್ಬನೇ ಹೆಗಲ ಕೆಳಗೆ ಕೈ ಹಾಕಿದ. ಜಕ್ಕಪ್ಪ ಹೌಹಾರಿ ಕಿರುಚಿದ. ಎಷ್ಟೋ ಹಾದಿ ಕಳ್ಳರನ್ನು ಎದುರಿಸಿದ್ದವನು ಅವನು. ಜೀವ ಇದ್ದಾಗಲೇ ಹೆಣ ಮಾಡಬೇಡವೋ ಎಂದು ಅತ್ತ.

ಬರಮಪ್ಪ ಕೈ ತೆಗೆದ. ಹಾಸಿಗೆಯ ಪಕ್ಕ ಕೂತ. ಆಮೇಲೆ ಕೇಳಿದ: "ಅಣ್ಣಾ, ಹೆಣ ಮಾತಾಡತೈತೇನು?"

"ಎಲ್ಲಿ ಮಾತು, ಹೆಣಕ್ಕ?"

"ಹಂಗಾರ ನೀ ಮಾತಾಡು. ನಾ ಕೇಳತೀನಿ. ನೀ ಹೇಳಿದ ಮ್ಯಾಲೆ ಹೊರಳಸತೀನಿ. ನೀ ಹೇಳದ ಹೊರತು ಕೈ ಹಚ್ಚಂಗಿಲ್ಲ. ಯಾ ಕಡಿ, ಅಣ್ಣಾ?"

ಮುದುಕರೆಲ್ಲ ಕಿವಿ ಕೊಟ್ಟು ಕೂತಿದ್ದರು. ಜಕ್ಕಪ್ಪ ಮೂಗೆಳೆದುಕೊಂಡ. ಗಂಟಲು ಸರಿಮಾಡಿಕೊಂಡ.

"ಗ್ವಾಡಿ ಕಡಿ ಹಾಕು," ಅಂದ. "ನಿನ್ನ ಮಾರಿ ನೋಡಿ ಸಾಕಾಗೇತಿ."

ಮುದುಕರು ನಕ್ಕರು. ಶಂಕ್ರವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದೆ ಬಂದು ಕಾಲು ಹಿಡಿದಳು. ಹೆಣ ಹಾಗೆಲ್ಲ ಬೈಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಅವತ್ತಿನಿಂದ ಶುರುವಾಯಿತು. ಹೊಳೆಯ ಮಡುವಿನಲ್ಲಿ ಹರಗೋಲು ದಡ ಬಿಡುವಾಗ ಅಂಬಿಗ ಹೋ ಎಂದು ಕೂಗುತ್ತಿದ್ದ. ಆ ಕೂಗು ಕೇಳಿದಾಗಲೆಲ್ಲ ಇಳಿಮನೆಯಲ್ಲಿ ಯಾರಾದರೂ ಎದ್ದು ಹೋಗಿ, "ಯಾ ಕಡಿ, ಅಣ್ಣಾ?" ಎಂದು ಕೇಳಬೇಕು. ಕತ್ತಲಾದ ಮೇಲೆ ದನದ ದೊಡ್ಡಿ ಕಾಯುವವರು ಬೆಂಕಿಗೆ ಕುಳ್ಳು ಹಾಕಲು ಎದ್ದಾಗ ಕೇಳಬೇಕು. ಪೂರ್ತಿ ಮಗ್ಗಲಿಗೆ ಹಾಕಿದರೆ ತೊಡೆಯ ಕೀಲು ಹಾಸಿಗೆಗೆ ಒತ್ತುತ್ತದೆ ಎಂದು ಬರಮಪ್ಪ ಸಣ್ಣ ಸಣ್ಣ ಮೆತ್ತೆ ಹೊಲಿದ. ಬೆನ್ನ ಹಿಂದೊಂದು ಕೊಟ್ಟು ಅರೆಮಗ್ಗಲು ಮಾಡಿದ. ಮೊಣಕಾಲುಗಳ ನಡುವೆ ಒಂದು. ಮೀನಖಂಡದ ಕೆಳಗೆ ಒಂದು, ಹಿಮ್ಮಡಿ ಗಾಳಿಯಲ್ಲಿ ಇರಲಿ ಎಂದು. ಯಾರಾದರೂ ಜಕ್ಕಪ್ಪನನ್ನು ಹಾಸಿಗೆಯ ಮೇಲೆ ಎಳೆದರೆ ಬರಮಪ್ಪ ಸಿಟ್ಟಾಗುತ್ತಿದ್ದ. ತಡಿ ಎಳೆದರೆ ಎತ್ತಿನ ರೋಮ ಕಿತ್ತು ಬರುತ್ತದೆ, ಎಳೆಯಬೇಡಿ, ಎತ್ತಿ ಇಡಿ ಅನ್ನುತ್ತಿದ್ದ. ಕೆಂಪಾದ ಕಡೆ ಎಣ್ಣೆ ಹಚ್ಚಿ ತಿಕ್ಕುವುದನ್ನು ಬಿಡಿಸಿದ. ಅಲ್ಲಿ ಕೈಯ ಹಿಂಬದಿ ಇಟ್ಟು ನೋಡುತ್ತಿದ್ದ. ಸುತ್ತಲಿನ ಮೈಗಿಂತ ಬಿಸಿಯಿದ್ದರೆ, ಗಟ್ಟಿಯಿದ್ದರೆ, ಆ ಜಾಗಕ್ಕೆ ರಜೆ. ಅದು ತಣ್ಣಗಾಗುವ ತನಕ ಆ ಕಡೆ ಮಲಗಿಸುವಂತಿಲ್ಲ. ಒದ್ದೆಯಾದ ಬಟ್ಟೆ ಒಂದು ಗಳಿಗೆಯೂ ಮೈಕೆಳಗೆ ಇರುವಂತಿಲ್ಲ. ಅಂಬಲಿ ಒಂದರಲ್ಲೇ ಮಾಂಸ ಬೆಳೆಯುವುದಿಲ್ಲ ಎಂದು ಹುರುಳಿ ಕಟ್ಟು, ಹಾಲು, ಅಂಬಿಗ ಕೊಟ್ಟ ಮೀನು ತಿನ್ನಿಸಿದ.

ಇಬ್ಬರ ಕೈಗೆ ಇದು ನಿಲ್ಲುವ ಕೆಲಸವಲ್ಲ. ಊರಿನ ಜನ ಮೊದಮೊದಲು ಹತ್ತಿರ ಬರಲಿಲ್ಲ. ಆದರೆ ಜಕ್ಕಪ್ಪ ಕೊಡುತ್ತಿದ್ದ ಉತ್ತರಗಳು ಊರಿಗೆ ಹೋದವು. ಒಮ್ಮೆ "ಶಂಕ್ರವ್ವನ ಕಡಿ, ಅಕಿ ಬೈಯೂದು ಚಲೋ ಕೇಳಸತೈತಿ" ಅಂದನಂತೆ. ಒಮ್ಮೆ ನೀರು ತರಲು ಬಂದಿದ್ದ ಗೌಡರ ಮಗನಿಗೆ, "ನಿಮ್ಮಪ್ಪ ಯಾ ಕಡಿ ಅದಾನೋ, ಅದರ ವಿರುದ್ಧ ಹಾಕು" ಅಂದನಂತೆ. ಇವತ್ತು ಏನಂದ ಎಂದು ಕೇಳಲು ಬಂದವರಿಗೆ ಕೇಳಿಕೊಂಡು ಸುಮ್ಮನೆ ಹೋಗಲಾಗುತ್ತಿರಲಿಲ್ಲ. ಒಂದು ಕೈ ಹಿಡಿದೇ ಹೋಗಬೇಕಾಗುತ್ತಿತ್ತು. ಬರಬರುತ್ತ ಮನೆಮನೆಗೆ ಪಾಳಿ ಬಿತ್ತು.

ನಡುವೆ ಒಂದು ದಿನ ಜಕ್ಕಪ್ಪನಿಗೆ ಜ್ವರ ಬಂತು. ಹುಣ್ಣು ಒಳಗೆ ಕೀವು ಕಟ್ಟಿತ್ತು. ಬರಮಪ್ಪ ಅದನ್ನು ತೊಳೆದು, ಕೀವು ಇಳಿಸಿ, ಎಂದಿನಂತೆ ಕೇಳಿದ. ಜಕ್ಕಪ್ಪ ಉತ್ತರ ಕೊಡಲಿಲ್ಲ. ಮತ್ತೆ ಕೇಳಿದ. ಇಲ್ಲ. ಅಂಬಿಗನ ಕೂಗು ಒಂದು ಸಲ ಬಂದು ಹೋಯಿತು, ಇನ್ನೊಂದು ಸಲ ಬಂದು ಹೋಯಿತು. ಶಂಕ್ರವ್ವ, ಹೊರಳಿಸಿಬಿಡು, ಅವನು ಹಟ ಮಾಡುತ್ತಿದ್ದಾನೆ ಎಂದಳು. ಬರಮಪ್ಪ, ಕೊಟ್ಟ ಮಾತು ಇದೆ ಎಂದ. ಕೇಳದೆ ಹೊರಳಿಸಿದರೆ ಅವನು ಹೆಣ, ಹೊರಳಿಸದಿದ್ದರೆ ಹುಣ್ಣು ಬೆಳೆಯುತ್ತದೆ. ಹಾಸಿಗೆಯ ಪಕ್ಕ ಕೂತು ಕೇಳುತ್ತಲೇ ಹೋದ. ಯಾ ಕಡಿ, ಅಣ್ಣಾ? ಯಾ ಕಡಿ, ಅಣ್ಣಾ? ಗಂಟಲು ಒಡೆದು ಪಿಸುಮಾತಾಯಿತು ಅಂತಾರೆ. ಹೊತ್ತು ಇಳಿಯುವಾಗ ಜಕ್ಕಪ್ಪ ಕಣ್ಣು ಬಿಟ್ಟ.

"ಬಾಳ ಹಟಮಾರಿ ಅದಿ ಬಿಡಪಾ."

"ಹಟಮಾರಿ ಅನ್ನೂದು ಕಡಿ ಅಲ್ಲ. ಯಾ ಕಡಿ?"

"...ಬಲಕ್ಕ."

ಆಮೇಲೆ ಜ್ವರ ಬಿಟ್ಟಿತು. ಹುಣ್ಣಿನ ತಳದಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಚಿಗುರಿತು. ತಳದಿಂದ ಮೇಲಕ್ಕೆ ತುಂಬುತ್ತ ಬಂತು, ಅಂಚಿನಿಂದ ಹೊಸ ಚರ್ಮ ಒಳಕ್ಕೆ ಹರಿದು ಬಂತು. ಚಳಿ ಹೋಯಿತು, ಬಿಸಿಲು ಬಲಿಯಿತು. ಅಂಗೈ ಅಗಲದ್ದು ಅಡಿಕೆಯಷ್ಟಾಯಿತು. ಬರಮಪ್ಪ ಹುಣ್ಣನ್ನು ನೋಡುವನು, ಹಾದಿಯನ್ನು ನೋಡುವನು.

ಒಂದು ಬೆಳಿಗ್ಗೆ ಹೊಳೆಯಾಚೆ ಗಂಟೆ ಕೇಳಿದವು.

ಸಾಬಣ್ಣ ಎಲ್ಲರಿಗಿಂತ ಮುಂಚೆ ನೀರು ದಾಟಿ, ಒದ್ದೆ ಪಂಚೆಯಲ್ಲೇ ಒಳಗೆ ಬಂದ. ಊರು ಬಾಗಿಲಲ್ಲಿ ನೆರೆದಿತ್ತು. ಬರಮಪ್ಪ ಅರಿವೆ ಸರಿಸಿ ತೋರಿಸಿದ. ಹುಣ್ಣು ಮುಚ್ಚಿರಲಿಲ್ಲ. ಹುಣಸೆ ಬೀಜದಷ್ಟು ಉಳಿದಿತ್ತು.

ಶಂಕ್ರವ್ವ, ಇಷ್ಟರಿಂದ ಇಷ್ಟಕ್ಕೆ ಬಂದಿದೆ ಎಂದು ಕೈಯಲ್ಲಿ ಅಳತೆ ತೋರಿಸಿ ಜಗಳ ತೆಗೆದಳು. ಜನರೂ ದನಿಗೂಡಿಸಿದರು. ಸಾಬಣ್ಣ ತಲೆ ತಗ್ಗಿಸಿ ನಿಂತಿದ್ದ. ಹೇರಿನವರಲ್ಲಿ ಮಾತು ಅಂದರೆ ಮಾತು. ಅವನು ಬರಮಪ್ಪನನ್ನು ನೋಡಿದ. ಬರಮಪ್ಪ ವಾದ ಮಾಡಲಿಲ್ಲ. ಮುಚ್ಚಿಲ್ಲ ಎಂದ. ಬಗ್ಗಿ, ನೆಲಕ್ಕೆ ಹಾಕಲು, ಜಕ್ಕಪ್ಪನ ಹೆಗಲ ಕೆಳಗೆ ಕೈ ಇಟ್ಟ. ಕೈ ಇಟ್ಟಾಗ ಬಾಯಿ ತನ್ನಷ್ಟಕ್ಕೆ ಕೇಳಿತು, ಅಷ್ಟು ರೂಢಿಯಾಗಿತ್ತು.

"ಯಾ ಕಡಿ, ಅಣ್ಣಾ?"

ಜಕ್ಕಪ್ಪ ಸಾಬಣ್ಣನ ಕಡೆ ನೋಡಿಕೊಂಡು ಹೇಳಿದ: "ಹೊಳಿ ಕಡಿ. ನನ್ನ ಎತ್ತು ನೀರು ಹಾಯೂದು ನೋಡಬೇಕು. ಆಮ್ಯಾಲೆ ಎಲ್ಲರ ಹಾಕ್ರಿ."

ಸಾಬಣ್ಣ ಅಣ್ಣನ ಮುಖ ನೋಡಿದ. ದಡ ಕುಸಿದ ದಿನದಿಂದ ಅಣ್ಣ ಇಂಥದು ಬೇಕು ಎಂದು ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಅಥವಾ ಅಣ್ಣನಿಗೆ ಏನು ಬೇಕೆಂದು ತಾನು ಕೇಳಿದ್ದೂ ನೆನಪಿರಲಿಲ್ಲ. ಕೈಯಲ್ಲಿದ್ದ ಎತ್ತು ಹೊಡೆಯುವ ಕೋಲನ್ನು ಗೋಡೆಗೆ ಒರಗಿಸಿ ಕೌದಿಯ ಒಂದು ತುದಿ ಹಿಡಿದ. ಬರಮಪ್ಪ ಒಂದು ತುದಿ ಹಿಡಿದ. ಉಳಿದ ತುದಿಗಳಿಗೆ ಊರಿನ ಕೈ ಬಂದವು. ಹೊಳೆದಂಡೆಗೆ ಒಯ್ದು, ಬೆನ್ನಿಗೆ ಮೆತ್ತೆ ಕೊಟ್ಟು, ಅರೆಮಗ್ಗಲಿಗೆ ಮಲಗಿಸಿದರು. ನೀರು ತೆಳುವಾದ ಕಡೆ ಎತ್ತುಗಳು ಒಂದರ ಹಿಂದೊಂದು ಇಳಿಯುತ್ತಿದ್ದವು.

ಜಕ್ಕಪ್ಪ ಒಂದೊಂದೇ ಎತ್ತನ್ನು ನೋಡಿದ. ಆಮೇಲೆ ಅವನ ದನಿ ಹೊಳೆಯಾಚೆಗೂ ಕೇಳಿತಂತೆ: "ಲೇ, ಆ ಕೆಂದೆತ್ತಿನ ತಡಿ ಹಿಂದ ಸರದೈತಿ! ಕಣ್ಣ ಎಲ್ಲಿಟ್ಟೀರಿ? ಬರಮ ಇಲ್ಲಂದ್ರ ಎತ್ತಿನ ಬೆನ್ನ ನೋಡವರ ಇಲ್ಲೇನು ನಿಮ್ಮಾಗ?"

ಹೇರಿನವರು ನೀರಿನಲ್ಲೇ ನಿಂತು ನಕ್ಕರು. ಒಬ್ಬ ಓಡಿ ಹೋಗಿ ತಡಿ ಸರಿಮಾಡಿದ. ಸಾಬಣ್ಣ ಮುಖ ಆ ಕಡೆ ತಿರುಗಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನೆಲ ಕರದಿಲ್ಲ. ಕರದಿದ್ರ ಇಷ್ಟು ಬೈತಿದ್ದಿಲ್ಲ ಇಂವಾ."

ಜಕ್ಕಪ್ಪನನ್ನು ತಿರುಗಿ ಹಾಸಿಗೆಗೇ ತಂದರು. ಮಳೆ ಬೀಳುವ ಮೊದಲೇ ಉಳಿದದ್ದೂ ಮುಚ್ಚಿತು. ಅವತ್ತು ಎತ್ತುಗಳ ಹಿಂದೆ ಹೊಳೆ ದಾಟಿದ ಕರು ಮುದಿ ಎತ್ತಾಗುವ ತನಕ ಜಕ್ಕಪ್ಪ ಬದುಕಿದ್ದ ಎಂದು ಕೆಲವರು ಅಂತಾರೆ. ಆ ಎತ್ತು ಸತ್ತ ಮೇಲೂ ಇದ್ದ ಎಂದು ಇನ್ನು ಕೆಲವರು ಅಂತಾರೆ. ಹಿತ್ತಿಲ ಚಪ್ಪರವನ್ನು ಸಾಬಣ್ಣನೇ ಕಿತ್ತ. ಅದರ ಕಂಬಗಳು ಶಂಕ್ರವ್ವನ ಒಲೆಗೆ ಹೋದವು.

ಸಾಬಣ್ಣ, ಗಂಟೆ ಕಟ್ಟಿಕೊಂಡು ಸಾಲಿನ ಮುಂದೆ ನಡೆಯುವ ತನ್ನ ಮುಂಗಂಟೆಯ ಎತ್ತನ್ನೇ ತಂದು ಬರಮಪ್ಪನ ಮುಂದೆ ಕಟ್ಟಿದ, ಇದು ನಿನ್ನ ಕೂಲಿ ಎಂದ. ಬರಮಪ್ಪ ಎತ್ತಿನ ಬೆನ್ನು ಸವರಿ ಹಗ್ಗ ವಾಪಸು ಕೊಟ್ಟ. ತನ್ನ ಕೂಲಿ ಊರಿನ ಹತ್ತಿರವೇ ಇರಲಿ, ತಾನು ಹಾಸಿಗೆ ಹಿಡಿದಾಗ ತೆಗೆದುಕೊಳ್ಳುತ್ತೇನೆ ಎಂದ. ಏನು ಕೂಲಿ ಎಂದು ಕೇಳಿದರು. "ಆವಾಗ ಗೊತ್ತಾಗತೈತಿ," ಅಂದ.

ಅವನು ಮತ್ತೆ ಹಾದಿ ಹಿಡಿಯಲಿಲ್ಲ. ಇಳಿಮನೆಯಲ್ಲೇ ಉಳಿದು ಎತ್ತಿಗೂ ಮನುಷ್ಯರಿಗೂ ಹೊಲಿದ. ಕತ್ತಲಲ್ಲಿ ಹಾಸಿಗೆಗಳ ನಡುವೆ ನಡೆದು ಹೋಗುತ್ತ, ಎಲ್ಲಿ ಮೈ ಬಿಸಿಯಾಗಿದೆ ಎಂದು ಮುಟ್ಟದೆಯೇ ಹೇಳುತ್ತಿದ್ದನಂತೆ. ಅವನು ಹೊಲಿದ ಮೆತ್ತೆಯ ಮೇಲೆ ಮಲಗಿದವರಿಗೆ ಕನಸಿನಲ್ಲಿ ಹಾದಿ ನಡೆದ ಹಾಗೆ ಆಗುತ್ತಿತ್ತಂತೆ. ಇವೆಲ್ಲ ಬೆಳೆದ ಮಾತು ಇರಬಹುದು. ಬೆಳೆಯದೆ ಉಳಿದದ್ದು ನಿಮ್ಮ ಕಣ್ಣ ಮುಂದೆಯೇ ಇದೆ. ಇಲ್ಲಿ ಹಾಸಿಗೆ ಸುಕ್ಕಿಲ್ಲದೆ ಇದ್ದರೆ ಯಾರೂ ಹೊಗಳುವುದಿಲ್ಲ, ಯಾಕೆ ಎಂದು ಕೇಳುತ್ತಾರೆ. ಕಿಂಡಿಯ ಮೆತ್ತೆ ಈ ಮನೆಯೊಳಗೆ ಬರುವುದಿಲ್ಲ. ಪಾಳಿ ಹೋಗಿ 'ಡ್ಯೂಟಿ' ಬಂದಿದೆ, ಅಂಬಿಗನ ಕೂಗು ಹೋಗಿ ಗಡಿಯಾರ ಬಂದಿದೆ. ಕೇಳುವ ಮಾತು ಮಾತ್ರ ಬದಲಾಗಿಲ್ಲ. ಯಾ ಕಡಿ ಎಂದು ಕೇಳಬೇಕು. ಉತ್ತರ ಬರುವ ತನಕ ಕಾಯಬೇಕು. ಮಾತು ಹೋದವರು ಕಣ್ಣಲ್ಲಿ ಹೇಳುತ್ತಾರೆ, ಬೆರಳಲ್ಲಿ ಹೇಳುತ್ತಾರೆ. ಮರೆವು ಬಂದವರು ಇಲ್ಲದ ಊರಿನ ಹೆಸರು ಹೇಳುತ್ತಾರೆ. ಆ ಊರು ಯಾವ ಕಡೆ ಎಂದು ಕೇಳಿ, ಆ ಕಡೆಗೆ ಹೊರಳಿಸಿ.

ಕೂಲಿ ಏನಾಯಿತು ಎಂದು ನಿಮ್ಮ ಮುಖ ಕೇಳುತ್ತಿದೆ. ಹೇಳುತ್ತೇನೆ.

ಬರಮಪ್ಪ ಮುದುಕನಾದ. ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತ ಒಂದು ಕಡೆಗೆ ಬಿದ್ದ. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಊರಿನವರಿಗೆ ಹಳೆಯ ಮಾತು ನೆನಪಾಯಿತು. ಹೊಸ ಕಂಬಳಿ ತಂದು ಮುಂದಿಟ್ಟರು. ಬೇಡವೆಂದು ಕಣ್ಣು ಮುಚ್ಚಿದ. ಹಾಲು ಕೊಡುವ ಹಸು ತಂದು ಅಂಗಳದಲ್ಲಿ ಕಟ್ಟಿದರು. ಕಣ್ಣು ಮುಚ್ಚಿದ. ಏನು ಬೇಕೋ ತಿಳಿಯದೆ ಊರು ಒದ್ದಾಡಿತು. ಒದ್ದಾಡುತ್ತಲೇ ಪಾಳಿಗೆ ಬಂತು. ಯಾ ಕಡಿ ಎಂದು ಕೇಳಿದರೆ ಅವನು ಎಡಗೈಯ ಬೆರಳು ಎತ್ತಿ ತೋರಿಸುತ್ತಿದ್ದ. ಕೆಲವು ಸಲ ಬೆರಳು ಏಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಕಾಯುತ್ತಿದ್ದರು. ಮಳೆಗಾಲ ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಹೀಗೆಯೇ ನಡೆಯಿತು.

ಒಂದು ಬೆಳಿಗ್ಗೆ ಬೆರಳು ಏಳಲಿಲ್ಲ.

ಕಡೆಯ ಜಳಕಕ್ಕೆ ಬಾಗಿಲ ಹತ್ತಿರ, ಬೆಳಕಿಗೆ ತಂದು ಮಲಗಿಸಿದರು. ಶಂಕ್ರವ್ವನ ಕೂದಲೂ ಆಗ ಪೂರ್ತಿ ನೆರೆತಿತ್ತು. ಹೆಣವನ್ನು ಕೇಳುವುದಿಲ್ಲ, ಆದರೂ ಅವಳು ಕೇಳಿದಳು. ಕಾದಳು. ಆಮೇಲೆ ನಾಲ್ಕು ಕೈ ಸೇರಿ ಹೊರಳಿಸಿದವು. ಬೆಳಕು ಅವನ ಬೆನ್ನಿನ ಮೇಲೆ ಬಿತ್ತು. ಬಾಲಮೂಳೆಯ ಮೇಲೆ, ಹಿಮ್ಮಡಿಯ ಮೇಲೆ, ಹೆಗಲ ಮೂಳೆಯ ಮೇಲೆ, ಎಲ್ಲೂ ಒಂದು ಗೀರಿರಲಿಲ್ಲ. ಈಗ ತಾನೇ ಹುಟ್ಟಿದ ಕೂಸಿನ ಬೆನ್ನಿನ ಹಾಗಿತ್ತು ಅಂತಾರೆ. ಸಾಬಣ್ಣ ಕೋಲೂರಿ ಬಂದು ಬಗ್ಗಿ ನೋಡಿದ. ಊರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿತು. ಇವತ್ತಿಗೂ ಈ ಮನೆಯಲ್ಲಿ ಯಾರು ತೀರಿಕೊಂಡರೂ, ಮಣ್ಣಿಗೆ ಒಯ್ಯುವ ಮುಂಚೆ, ಅದೇ ಬಾಗಿಲ ಬೆಳಕಿನಲ್ಲಿ ಬೆನ್ನು ನೋಡುತ್ತಾರೆ.

ಶಂಕ್ರವ್ವ ಅಂಗೈಯನ್ನು ಆ ಬೆನ್ನಿನ ಮೇಲಿಟ್ಟು ಹೇಳಿದಳಂತೆ: "ತಗೋ, ಬರಮಣ್ಣಾ. ನಿನ್ನ ಕೂಲಿ ಮುಟ್ಟೈತಿ."